ಆಲ್ಥಿಯಾಳ ಪೆಟ್ಟಿಗೆಯಲ್ಲಿದ್ದ ಕೊಳ್ಳಿ

ಗ್ರೀಕರು ಮತ್ತು ವಿಧಿ ಎಂಬ ಮಾತು ಬಂದರೆ ಕನ್ನಡದ ಓದುಗರಿಗೆ ಥಟ್ಟನೆ ನೆನಪಾಗುವವನು ಈಡಿಪಸ್. ಲಂಕೇಶರ ‘ದೊರೆ ಈಡಿಪಸ್’ ಓದಿದವರು, ರಂಗದ ಮೇಲೆ ಕಂಡವರು ನಮ್ಮಲ್ಲಿ ಬಹಳ ಮಂದಿ. ತಂದೆಯನ್ನು ಕೊಂದು ತಾಯಿಯ ಕೈ ಹಿಡಿಯುತ್ತೀಯೆ ಎಂಬ ದೈವವಾಣಿಯಿಂದ ತಪ್ಪಿಸಿಕೊಳ್ಳಲು ಓಡಿದಷ್ಟೂ ಅದರ ಬಾಯಿಗೇ ಹೋಗಿ ಬೀಳುವ ಆ ದೊರೆಯಿಂದಾಗಿ ನಮಗೊಂದು ತೀರ್ಮಾನ ಸಿದ್ಧವಾಗಿಬಿಟ್ಟಿದೆ: ಗ್ರೀಕರ ಪಾಲಿಗೆ ಮನುಷ್ಯ ವಿಧಿಯ ಕೈಗೊಂಬೆ. ಈ ತೀರ್ಮಾನ ಪೂರ್ತಿ ಸುಳ್ಳಲ್ಲ, ಅವಸರದ್ದು ಮಾತ್ರ. ಅದೇ ಗ್ರೀಕರು ಹೇಳಿಕೊಂಡು ಬಂದ ಮೆಲಿಯಾಗರನ ಕಥೆ ನಮ್ಮಲ್ಲಿ ಅಷ್ಟಾಗಿ ಬಳಕೆಗೆ ಬಂದಿಲ್ಲ. ಆ ಕಥೆಯನ್ನೂ, ಅದನ್ನು ಶತಮಾನಗಳ ಕಾಲ ಮಡಕೆಯ ಮೇಲೆ, ಕಂಚಿನ ಮೇಲೆ, ಕಲ್ಲಿನ ಮೇಲೆ ತೋರಿಸಿದ ಬಗೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಒಂದು ವಿಧಿ ಕಾಣಿಸುತ್ತದೆ. ಅದು ಮನೆಯೊಳಗೇ ಇರುತ್ತದೆ, ಒಬ್ಬರ ಕೈಗೆ ಸಿಗುವಂತಿರುತ್ತದೆ, ಅವರು ಕೈಯಾಡಿಸುವ ತನಕ ಸುಮ್ಮನೆ ಕಾಯುತ್ತದೆ.

ಕಥೆ ಹೀಗಿದೆ. ಗ್ರೀಸಿನ ಪಶ್ಚಿಮದ ಈಟೋಲಿಯ ಸೀಮೆಯಲ್ಲಿ ಕ್ಯಾಲಿಡಾನ್ ಎಂಬ ಪಟ್ಟಣ. ಅದರ ದೊರೆ ಓಯ್ನಿಯಸ್, ರಾಣಿ ಆಲ್ಥಿಯಾ. ಮಗ ಮೆಲಿಯಾಗರ್ ಹುಟ್ಟಿದ ಏಳನೆಯ ದಿನ ಮೋಯ್ರಾಗಳು, ಅಂದರೆ ವಿಧಿಯ ದೇವತೆಯರು, ಮನೆಗೆ ಬಂದರು. ಒಲೆಯಲ್ಲಿ ಉರಿಯುತ್ತಿದ್ದ ಕೊಳ್ಳಿಯೊಂದನ್ನು ತೋರಿಸಿ, ಅದು ಉರಿದು ಮುಗಿಯುವ ತನಕ ಈ ಕೂಸಿನ ಆಯಸ್ಸು ಎಂದರು. ಆಲ್ಥಿಯಾ ಕೊಳ್ಳಿಯನ್ನು ಹೊರಗೆಳೆದು, ಆರಿಸಿ, ಪೆಟ್ಟಿಗೆಯೊಳಗೆ ಇಟ್ಟಳು. ಮಗ ಬೆಳೆದು ವೀರನಾದ. ಒಂದು ವರ್ಷ ಸುಗ್ಗಿಯ ಕಾಲಕ್ಕೆ ಓಯ್ನಿಯಸ್ ಎಲ್ಲ ದೇವರಿಗೂ ಮೊದಲ ಫಸಲು ಅರ್ಪಿಸಿ ಬೇಟೆಯ ದೇವತೆ ಆರ್ಟೆಮಿಸಳನ್ನು ಮರೆತ. ಮುನಿದ ಅವಳು ಹೊಲತೋಟಗಳ ಮೇಲೆ ದೈತ್ಯ ಕಾಡುಹಂದಿಯೊಂದನ್ನು ಬಿಟ್ಟಳು. ಅದನ್ನು ಹೊಡೆಯಲು ಗ್ರೀಸಿನ ಮೂಲೆಮೂಲೆಯಿಂದ ವೀರರು ಕೂಡಿದರು. ಬೇಟೆಗಾತಿ ಅಟಲಾಂಟಾ ಕೂಡ ಬಂದಳು. ಮೊದಲ ಬಾಣ ಅವಳದು, ಕೊನೆಯ ಏಟು ಮೆಲಿಯಾಗರನದು. ಬೇಟೆಯ ಬಿರುದಾದ ಹಂದಿಯ ಚರ್ಮವನ್ನು ಅವನು ಅಟಲಾಂಟಾಳಿಗೆ ಕೊಟ್ಟ. ಹೆಂಗಸಿಗೆ ಸಂದ ಮರ್ಯಾದೆ ಸಹಿಸದ ಅವನ ಸೋದರಮಾವಂದಿರು ಅದನ್ನು ಕಿತ್ತುಕೊಂಡರು, ಅವನು ಅವರನ್ನು ಕೊಂದ. ಒಡಹುಟ್ಟಿದವರ ಹೆಣ ನೋಡಿದ ಆಲ್ಥಿಯಾ ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಕೊಳ್ಳಿ ಬೆಂಕಿಗೆ ಬಿತ್ತು, ಮಗ ಸತ್ತ, ಆಮೇಲೆ ತಾಯಿ ತಾನೂ ಪ್ರಾಣ ಬಿಟ್ಟಳು.

ಮೋಯ್ರಾಗಳು ಹೇಳಿದ್ದರಲ್ಲಿ ಕೊಲೆಯಿಲ್ಲ, ಸೋದರಮಾವಂದಿರಿಲ್ಲ, ಅಟಲಾಂಟಾ ಇಲ್ಲ. ಇಂಥ ದಿನ ಸಾಯುತ್ತಾನೆ ಎಂಬ ಗಡುವು ಕೂಡ ಇಲ್ಲ. ಇರುವುದು ಒಂದು ಷರತ್ತು ಮಾತ್ರ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೂಸು ಹುಟ್ಟಿದ ಐದಾರನೆಯ ರಾತ್ರಿ ಶೆಟವಿ ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆ ಎಂಬ ನಂಬಿಕೆಯುಂಟು. ಏಳನೆಯ ದಿನ ಬರುವ ಮೋಯ್ರಾಗಳನ್ನು ಕಂಡರೆ ಅವಳ ನೆನಪಾಗುವುದು ಸಹಜ. ಆದರೆ ಶೆಟವಿ ಬರೆದದ್ದನ್ನು ಯಾರೂ ಓದಲಾರರು, ತನ್ನ ಹಣೆಯನ್ನು ತಾನು ಕಾಣಲಾರದವನಂತೂ ಓದಲಾರ. ಆಲ್ಥಿಯಾಳಿಗೆ ಸಿಕ್ಕಿದ್ದು ಕಣ್ಣಿಗೆ ಕಾಣುವ, ಕೈಗೆ ಸಿಗುವ ಕಟ್ಟಿಗೆ. ದೇವತೆಯರು ಮಾತು ಮುಗಿಸುವ ಹೊತ್ತಿಗೆ ಆ ಕೊಳ್ಳಿ ಉರಿಯುತ್ತಲೇ ಇತ್ತು. ಅವಳು ಸುಮ್ಮನಿದ್ದಿದ್ದರೆ ಕೂಸು ಅಂದೇ ಹೋಗುತ್ತಿತ್ತು. ಅಂದರೆ ಈ ಕಥೆಯಲ್ಲಿ ವಿಧಿಯನ್ನು ಮೊದಲು ತಡೆದದ್ದೂ ಒಬ್ಬ ತಾಯಿಯ ಕೈ, ಕೊನೆಗೆ ನಡೆಸಿದ್ದೂ ಅದೇ ಕೈ. ನಡುವಿನ ವರ್ಷಗಳುದ್ದಕ್ಕೂ ದೇವತೆಯರು ಮತ್ತೆ ತಲೆ ಹಾಕುವುದಿಲ್ಲ.

ಕಥೆಯ ಹಳೆಯ ರೂಪದಲ್ಲಿ ಕೊಳ್ಳಿಯೇ ಇಲ್ಲವಲ್ಲ ಎಂದು ಕೇಳಬಹುದು. ನಿಜ. ‘ಇಲಿಯಡ್’ನ ಒಂಬತ್ತನೆಯ ಸರ್ಗದಲ್ಲಿ, ಮುನಿಸಿಕೊಂಡು ಯುದ್ಧ ಬಿಟ್ಟು ಕೂತ ಅಕಿಲೀಸನ ಮನ ಒಲಿಸಲು ಮುದುಕ ಫೀನಿಕ್ಸ್ ಈ ಕಥೆಯನ್ನು ಹೇಳುತ್ತಾನೆ. ಅಲ್ಲಿ ಆಲ್ಥಿಯಾ ನೆಲ ಬಡಿದು ಮಗನಿಗೆ ಶಾಪ ಹಾಕುತ್ತಾಳೆ, ಪಾತಾಳದಲ್ಲಿರುವ ಸೇಡಿನ ದೇವತೆ ಅದನ್ನು ಕೇಳಿಸಿಕೊಳ್ಳುತ್ತಾಳೆ. ಬೇರೆ ಕೆಲವು ಹಳೆಯ ಕಾವ್ಯಗಳಲ್ಲಿ ಮೆಲಿಯಾಗರನನ್ನು ಅಪೊಲೊ ಕೊಂದನೆಂದಿತ್ತು ಎಂದು ಎರಡನೆಯ ಶತಮಾನದ ಪ್ರವಾಸಿ ಪೌಸಾನಿಯಸ್ ಬರೆದಿದ್ದಾನೆ. ಕೊಳ್ಳಿಯ ಪ್ರಸಂಗವನ್ನು ಮೊದಲು ನಾಟಕಕ್ಕೆ ತಂದವನು ಫ್ರೀನಿಕಸ್ ಎಂಬ ಕವಿ, ಆದರೆ ಆ ಹೊತ್ತಿಗೇ ಅದು ಗ್ರೀಸಿನಲ್ಲೆಲ್ಲ ಹಬ್ಬಿತ್ತು ಎಂಬುದೂ ಪೌಸಾನಿಯಸನದೇ ಮಾತು. ಈ ಪಾಠಾಂತರಗಳಲ್ಲಿ ಜನ ಯಾವುದನ್ನು ಉಳಿಸಿಕೊಂಡರು ಎಂಬುದನ್ನು ಗಮನಿಸಬೇಕು. ದೇವರ ಬಾಣದಿಂದ ಸಾಯುವ ಮೆಲಿಯಾಗರ್ ಹೆಚ್ಚು ಕಾಲ ಬಾಳಲಿಲ್ಲ. ಶಾಪ ಹಾಕುವ ತಾಯಿ ಹೋಮರನ ಪುಟದಲ್ಲಿ ಉಳಿದಳು. ಕೊಳ್ಳಿ ಹಿಡಿದ ತಾಯಿ ಎಲ್ಲೆಡೆ ನಿಂತಳು. ಮಾತಾಗಲಿ ಕೈಯಾಗಲಿ, ಎರಡೂ ಅವಳವೇ.

ಕ್ರಿ.ಪೂ. 476ರಲ್ಲಿ ಸಿರಕ್ಯೂಸಿನ ದೊರೆ ಹೀರೋನನ ಕುದುರೆ ಒಲಿಂಪಿಯದಲ್ಲಿ ಗೆದ್ದದ್ದಕ್ಕೆ ಕವಿ ಬ್ಯಾಕಿಲಿಡಿಸ್ ಬರೆದ ಹಾಡಿನಲ್ಲಿ ಈ ಕಥೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಪಾತಾಳಕ್ಕೆ ಹೋದ ಹೆರಾಕ್ಲೀಸನಿಗೆ ಮೆಲಿಯಾಗರನ ಪ್ರೇತ ಎದುರಾಗಿ ತನ್ನ ಸಾವಿನ ಕಥೆ ಹೇಳುತ್ತದೆ. ಯಾವುದಕ್ಕೂ ಅಳದ ಹೆರಾಕ್ಲೀಸ್ ಅಂದು ಕಣ್ಣೀರು ಹಾಕುತ್ತಾನೆ. ಅತ್ತು ಫಲವಿಲ್ಲ, ಆಗುವ ಮಾತಾಡೋಣ ಎಂದು ಸಾವರಿಸಿಕೊಂಡು, ನಿನಗೆ ಮದುವೆಯಾಗದ ತಂಗಿ ಯಾರಾದರೂ ಇದ್ದಾಳೆಯೇ ಎಂದು ಕೇಳುತ್ತಾನೆ. ಇದ್ದಾಳೆ, ಅವಳ ಹೆಸರು ಡಿಯನೈರಾ. ಗ್ರೀಕ್ ಕೇಳುಗರಿಗೆ ಇಷ್ಟು ಸಾಕಿತ್ತು, ಏಕೆಂದರೆ ಮುಂದೆ ಹೆರಾಕ್ಲೀಸನ ಸಾವಿಗೆ ಕಾರಣಳಾಗುವವಳು ಆ ಡಿಯನೈರಾಳೇ. ಸೋಫೋಕ್ಲಿಸನ ನಾಟಕದಲ್ಲಿ ಅವಳು ನೆಸಸ್ ಎಂಬ ಕುದುರೆಮೈಯವನ ರಕ್ತವನ್ನು ಗಂಡನ ಒಲವು ತಪ್ಪದಂತೆ ಕಾಯುವ ಮದ್ದೆಂದು ನಂಬಿ ಕಂಚಿನ ಪಾತ್ರೆಯಲ್ಲಿ ಅಡಗಿಸಿಟ್ಟಿರುತ್ತಾಳೆ. ತಾಯಿಯ ಪೆಟ್ಟಿಗೆಯಲ್ಲಿ ಮಗನ ಸಾವು, ಮಗಳ ಪಾತ್ರೆಯಲ್ಲಿ ಗಂಡನ ಸಾವು. ಒಂದೇ ಮನೆತನದ ಇಬ್ಬರು ಹೆಂಗಸರೂ ಸಾವನ್ನು ಜೋಪಾನವಾಗಿ ಇಟ್ಟುಕೊಂಡವರೇ. ಮಗಳಿಗೆ ತಾನು ಇಟ್ಟುಕೊಂಡದ್ದು ವಿಷವೆಂಬುದು ಗೊತ್ತಿರಲಿಲ್ಲ, ತಾಯಿಗೆ ಎಲ್ಲವೂ ಗೊತ್ತಿತ್ತು. ಈಡಿಪಸನೂ ಮಗಳ ಸಾಲಿನವನೇ, ತಿಳಿಯದೆ ಮಾಡಿದವನು. ಗ್ರೀಕರ ವಿಧಿಯನ್ನು ಅವನೊಬ್ಬನ ಮೂಲಕ ನೋಡಿದಾಗ ನಮ್ಮ ಕಣ್ತಪ್ಪುವುದು ಹೀಗೆ ತಿಳಿದೂ ತಿಳಿದೂ ಮಾಡಿದವರು.

ಇನ್ನು ಚಿತ್ರಗಳ ಕಡೆ ಬರೋಣ. ಫ್ಲಾರೆನ್ಸಿನ ಪುರಾತತ್ವ ಸಂಗ್ರಹಾಲಯದಲ್ಲಿರುವ ಫ್ರಾಂಸ್ವಾ ಕಲಶ ಕ್ರಿ.ಪೂ. 570ರ ಸುಮಾರಿನದು, ಕುಂಬಾರ ಎರ್ಗೊಟಿಮೊಸ್, ಚಿತ್ರಕಾರ ಕ್ಲೈಟಿಯಸ್. 1844ರಲ್ಲಿ ಇಟಲಿಯ ಕ್ಯೂಸಿ ಬಳಿ ಸಿಕ್ಕ ಇದನ್ನು 1900ರಲ್ಲಿ ಸಂಗ್ರಹಾಲಯದ ಕಾವಲುಗಾರನೊಬ್ಬ ಸಿಟ್ಟಿನಲ್ಲಿ ಸ್ಟೂಲು ಎಸೆದು 638 ಚೂರು ಮಾಡಿದ. ಈಗ ಕಾಣುವುದು ಮತ್ತೆ ಜೋಡಿಸಿದ ರೂಪ. ಕಲಶದ ಕೊರಳಿನಲ್ಲಿ ಕ್ಯಾಲಿಡಾನಿನ ಬೇಟೆಯಿದೆ: ನಡುವೆ ಹಂದಿ, ಅದರ ಕೆಳಗೆ ಸತ್ತು ಬಿದ್ದ ಬೇಟೆಗಾರ, ಎದುರಿಗೆ ಈಟಿ ಹಿಡಿದ ಮೆಲಿಯಾಗರ್ ಮತ್ತು ಪೀಲಿಯಸ್, ಹಿಂದೆಯೇ ಅಟಲಾಂಟಾ. ಎಲ್ಲರ ಪಕ್ಕದಲ್ಲೂ ಹೆಸರು ಬರೆದಿದೆ, ನಾಯಿಗಳ ಹೆಸರನ್ನೂ ಬಿಟ್ಟಿಲ್ಲ. ಇದೇ ಕಲಶದ ಹೊಟ್ಟೆಯ ಮೇಲೆ ಮೋಯ್ರಾಗಳೂ ಇದ್ದಾರೆ, ಆದರೆ ಪೀಲಿಯಸ್ ಮತ್ತು ಥೀಟಿಸರ ಮದುವೆಗೆ ಬಂದ ನೆಂಟರ ಸಾಲಿನಲ್ಲಿ, ಒಳ್ಳೆಯ ಸೀರೆಯುಟ್ಟ ಮುತ್ತೈದೆಯರ ಹಾಗೆ. ಹೆಸರು ಓದಿಯೇ ಅವರನ್ನು ಗುರುತಿಸಬೇಕು. ವಿಧಿಯೂ ಮೆಲಿಯಾಗರನೂ ಒಂದೇ ಮಡಕೆಯ ಮೇಲಿದ್ದರೂ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಇಂಥ ಕಲಶಗಳು ಔತಣದಲ್ಲಿ ದ್ರಾಕ್ಷಾರಸ ಬೆರೆಸಲು ಇಟ್ಟವು, ಸುತ್ತ ಕೂರುವವರು ಸಿರಿವಂತ ಗಂಡಸರು. ಅವರಿಗೆ ಬೇಕಿದ್ದದ್ದು ಬೇಟೆ, ಪೌರುಷ. ಅಳುವ ತಾಯಿಯನ್ನು ಅಲ್ಲಿ ಯಾರು ಬರೆಸುತ್ತಾರೆ? ಆದ್ದರಿಂದ ಚಿತ್ರದಲ್ಲಿ ವಿಧಿ ಕಾಣಿಸದಿರುವುದು ಗಿರಾಕಿಯ ರುಚಿಯನ್ನು ತೋರಿಸುತ್ತದೆಯೇ ಹೊರತು ವಿಧಿಯ ಬಗೆಗಿನ ನಂಬಿಕೆಯನ್ನಲ್ಲ ಎಂಬುದು ಈ ವಾದ. ಇದನ್ನು ಬಹುಪಾಲು ಒಪ್ಪಬೇಕು. ಟೆಜಿಯಾದಲ್ಲಿ ಅಥೀನಾ ಅಲಿಯಾ ದೇಗುಲದ ಪೂರ್ವ ಮುಖದಲ್ಲಿ ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಕೆತ್ತಿದ್ದೂ ಬೇಟೆಯನ್ನೇ. ಆ ಊರಿಗೆ ಬೇಟೆಯೆಂದರೆ ಅಭಿಮಾನ, ಏಕೆಂದರೆ ಅಟಲಾಂಟಾ ತಮ್ಮ ಸೀಮೆಯವಳು ಎಂಬ ಹೆಮ್ಮೆ. ಹಂದಿಯ ಚರ್ಮ, ಕೋರೆಗಳು ಆ ದೇಗುಲದಲ್ಲೇ ಇದ್ದವಂತೆ. ಕೋರೆಗಳನ್ನು ರೋಮಿಗೆ ಸಾಗಿಸಿದವನು ಚಕ್ರವರ್ತಿ ಆಗಸ್ಟಸ್. ಬೇಟೆಯ ಚಿತ್ರಗಳನ್ನು ಸಾಕ್ಷಿಯಾಗಿ ಹಿಡಿದರೆ ನನ್ನ ವಾದ ನಿಲ್ಲದು. ಅದು ನಿಲ್ಲಬೇಕಾದದ್ದು ಕೊಳ್ಳಿಯ ಗಳಿಗೆಯನ್ನೇ ತೋರಿಸಲು ಹೊರಟ ಕಲಾವಿದರ ಮೇಲೆ.

ಅಂಥವರು ಹೆಚ್ಚಾಗಿ ಸಿಗುವುದು ರೋಮಿನಲ್ಲಿ, ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ. ಉಳ್ಳವರು ತಮ್ಮವರನ್ನು ಅಮೃತಶಿಲೆಯ ಶವಪೆಟ್ಟಿಗೆಯಲ್ಲಿ ಹೂಳುವ ರೂಢಿ ಆಗ ಹಬ್ಬಿತು. ಪೆಟ್ಟಿಗೆಯ ಮುಂಬದಿಗೆ ಕೆತ್ತಿದ ಪುರಾಣ ಕಥೆಗಳಲ್ಲಿ ಮೆಲಿಯಾಗರನದು ತುಂಬ ಜನಪ್ರಿಯವಾದದ್ದು. ಪ್ಯಾರಿಸಿನ ಲೂವ್ರ್ ಸಂಗ್ರಹದಲ್ಲಿ ಇಂಥದೊಂದಿದೆ. ನಡುವೆ ಮಂಚದ ಮೇಲೆ ಮೆಲಿಯಾಗರ್, ಸುತ್ತ ಅಳುವವರು. ಒಂದು ತುದಿಯಲ್ಲಿ ಅವನು ಸೋದರಮಾವನನ್ನು ಕೊಲ್ಲುವ ದೃಶ್ಯ. ಇನ್ನೊಂದು ತುದಿಯಲ್ಲಿ ಆಲ್ಥಿಯಾ. ಕಣ್ಣು ನಿಲ್ಲುವುದು ಅವಳ ಮೇಲೆ. ಅವಳ ತೋಳು ಬಲಿಪೀಠದ ಬೆಂಕಿಯತ್ತ ಚಾಚಿದೆ, ಬೆರಳುಗಳು ಕೊಳ್ಳಿಯನ್ನು ಇನ್ನೂ ಬಿಟ್ಟಿಲ್ಲ. ಕತ್ತು ಮಾತ್ರ ಪೂರ್ತಿ ಆಚೆಗೆ ತಿರುಗಿದೆ. ಕೈ ಮಾಡುತ್ತಿರುವುದನ್ನು ಮುಖ ನೋಡಲೊಲ್ಲದು. ಈ ಬಗೆಯ ಕೆತ್ತನೆಗಳಲ್ಲಿ ಪಂಜು ಹಿಡಿದ ಸೇಡಿನ ದೇವತೆ ಅವಳನ್ನು ಹುರಿದುಂಬಿಸುವುದುಂಟು. ಚಕ್ರದ ಮೇಲೆ ಕಾಲಿಟ್ಟು ಸುರುಳಿಯಲ್ಲಿ ಬರೆಯುತ್ತಿರುವ ವಿಧಿದೇವತೆಯೂ ಕೆಲವೆಡೆ ಕಾಣುತ್ತಾಳೆ. ಆದರೆ ಅವಳು ಕೊಳ್ಳಿಯನ್ನು ಮುಟ್ಟಿಲ್ಲ. ಅವಳ ಕೈಯಲ್ಲಿರುವುದು ಬರವಣಿಗೆ, ಆಲ್ಥಿಯಾಳ ಕೈಯಲ್ಲಿರುವುದು ಬೆಂಕಿ. ವಿಧಿಯೇ ಎಲ್ಲವನ್ನೂ ಮಾಡಿದ್ದು ಎಂದು ಹೇಳಬಯಸುವ ಶಿಲ್ಪಿ ಆ ತಾಯಿಯ ಕತ್ತನ್ನು ಅಷ್ಟು ಕಷ್ಟಪಟ್ಟು ತಿರುಗಿಸಬೇಕಾಗಿರಲಿಲ್ಲ.

ಆ ತಿರುಗಿದ ಕತ್ತಿಗೆ ಕಾವ್ಯದಲ್ಲೂ ಜೊತೆಯಿದೆ. ರೋಮಿನ ಕವಿ ಒವಿಡ್ ‘ಮೆಟಮಾರ್ಫೊಸಿಸ್’ನ ಎಂಟನೆಯ ಭಾಗದಲ್ಲಿ ಆಲ್ಥಿಯಾಳಿಗೆ ಉದ್ದನೆಯ ಸ್ವಗತ ಕೊಟ್ಟಿದ್ದಾನೆ. ನಾಲ್ಕು ಸಲ ಅವಳು ಕೊಳ್ಳಿಯನ್ನು ಬೆಂಕಿಗೆ ಒಡ್ಡಲು ಹೋಗಿ ನಾಲ್ಕು ಸಲವೂ ಹಿಂದೆಗೆಯುತ್ತಾಳೆ. ಒಳಗೆ ಹೋರಾಡುವುದು ತಾಯಿ ಮತ್ತು ತಂಗಿ, ಮಗ ಮತ್ತು ತವರು. ತವರಿನ ಸೆಳೆತವನ್ನು ಬಲ್ಲ ನಮ್ಮ ಓದುಗರಿಗೆ ಈ ಹೋರಾಟವನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಅವಳು ಮುಖ ತಿರುಗಿಸಿ, ನಡುಗುವ ಕೈಯಿಂದ ಕೊಳ್ಳಿಯನ್ನು ಎಸೆಯುತ್ತಾಳೆ. ಮೊದಲೇ ನಿಶ್ಚಯವಾದ ಕೆಲಸಕ್ಕೆ ಇಷ್ಟು ತಡವರಿಕೆ ಏಕೆ ಬೇಕಿತ್ತು?

ಆ ತಡವರಿಕೆಯೂ, ನಾಲ್ಕು ಸಲ ಹಿಂದೆಗೆದದ್ದೂ, ಐದನೆಯ ಸಲ ಎಸೆದದ್ದೂ ವಿಧಿಯದೇ ಎಂದು ವಿಧಿವಾದಿ ಹೇಳಬಹುದು. ಆಗ ಉತ್ತರ ಕೊಡುವುದು ಸುಲಭವಲ್ಲ, ಏಕೆಂದರೆ ಎಲ್ಲವನ್ನೂ ನುಂಗುವ ವಾದ ಅದು. ಗ್ರೀಕರೇ ಇದರೊಂದಿಗೆ ಸೆಣಸಿದ್ದಾರೆ. ಗುಣವಾಗುವುದು ವಿಧಿಯಾದರೆ ವೈದ್ಯನನ್ನು ಕರೆದರೂ ಅಷ್ಟೇ ಬಿಟ್ಟರೂ ಅಷ್ಟೇ ಎಂಬ ಮಾತಿಗೆ ‘ಸೋಮಾರಿ ವಾದ’ ಎಂದು ಅವರಲ್ಲಿ ಹೆಸರಿತ್ತು. ಸ್ಟೋಯಿಕ್ ಪಂಥದ ಕ್ರಿಸಿಪ್ಪಸ್ ವಿಧಿಯನ್ನು ಗಟ್ಟಿಯಾಗಿ ನಂಬಿದವನಾದರೂ ಈ ವಾದವನ್ನು ತಳ್ಳಿಹಾಕಿದ. ಲಾಯಸನಿಗೆ ಈಡಿಪಸ್ ಹುಟ್ಟುವುದು ವಿಧಿ ಎಂದರೂ, ಅವನು ಹೆಣ್ಣಿನೊಡನೆ ಕೂಡದೆಯೂ ಮಗು ಹುಟ್ಟುತ್ತದೆ ಎಂದಾಗದು. ಮನುಷ್ಯ ಮಾಡುವ ಕೆಲಸವೂ ಆ ವಿಧಿಯೊಳಗಿನ ಕೊಂಡಿಯೇ ಎಂಬುದು ಅವನ ತರ್ಕ. ಪ್ಲೇಟೊ ಇನ್ನೂ ಮುಂದೆ ಹೋದ. ‘ರಿಪಬ್ಲಿಕ್’ನ ಕೊನೆಯ ಕಥೆಯಲ್ಲಿ ಜೀವಗಳು ಮೋಯ್ರಾಗಳ ಎದುರಿನಲ್ಲೇ ತಮ್ಮ ಮುಂದಿನ ಬದುಕನ್ನು ತಾವೇ ಆರಿಸಿಕೊಳ್ಳುತ್ತವೆ. ಆರಿಸಿದವರದೇ ಹೊಣೆ, ದೇವರ ಮೇಲೆ ದೂರು ಹೊರಿಸುವಂತಿಲ್ಲ ಎಂದು ಅಲ್ಲಿ ಸಾರಲಾಗುತ್ತದೆ.

ತತ್ವಜ್ಞಾನಿಗಳ ಮಾತು ಪಂಡಿತರಿಗಾಯಿತು, ಸಾಮಾನ್ಯ ಜನ ಹೇಗೆ ಕಂಡರು ಎಂದು ಕೇಳಿದರೆ ನಾಟಕ ಸಾಕ್ಷಿ ಹೇಳುತ್ತದೆ. ಕ್ರಿ.ಪೂ. 458ರಲ್ಲಿ ಅಥೆನ್ಸಿನಲ್ಲಿ ಆಡಿದ ಈಸ್ಕಿಲಸನ ‘ತರ್ಪಣ ತಂದ ಹೆಂಗಸರು’ ನಾಟಕದ ಮೇಳ, ಎಲ್ಲೆ ಮೀರಿ ಕೇಡು ಮಾಡಿದ ಹೆಂಗಸರ ಪಟ್ಟಿಯಲ್ಲಿ ಆಲ್ಥಿಯಾಳನ್ನು ಮೊದಲಿಗಳಾಗಿ ಸೇರಿಸುತ್ತದೆ. ಆ ಪಟ್ಟಿಯಲ್ಲಿ ಹೆಣ್ಣಿನ ಬಗೆಗಿನ ಅಂದಿನ ಪೂರ್ವಗ್ರಹ ಎದ್ದು ಕಾಣುತ್ತದೆ; ಮಾವಂದಿರನ್ನು ಕೊಂದ ಮೆಲಿಯಾಗರನನ್ನು ಆ ಮೇಳ ಎತ್ತಿಯೂ ಆಡುವುದಿಲ್ಲ. ಹಾಗಿದ್ದೂ ನಮ್ಮ ಪ್ರಶ್ನೆಗೆ ಅದು ಬಲವಾದ ಸಾಕ್ಷಿಯೇ. ಸಾವಿರಾರು ಪ್ರೇಕ್ಷಕರ ಎದುರಿಗೆ ಅವಳನ್ನು ಅಪರಾಧಿ ಎಂದು ಹೆಸರಿಸಬಹುದಾಗಿತ್ತು. ಕೊಳ್ಳಿಯ ಮಾತು ಮೋಯ್ರಾಗಳದಲ್ಲವೇ, ಅವಳದೇನು ತಪ್ಪು ಎಂದು ಅಲ್ಲಿ ಯಾರೂ ತಗಾದೆ ತೆಗೆಯುವುದಿಲ್ಲ.

ನನ್ನ ವಾದಕ್ಕೆ ನೇರವಾಗಿ ಎದುರು ನಿಲ್ಲುವ ವಸ್ತು ಒಂದಿದೆ. ಬರ್ಲಿನ್ ಸಂಗ್ರಹಾಲಯದ, ಇಟಲಿಯ ಪೆರೂಜಾದಲ್ಲಿ ಸಿಕ್ಕ ಕಂಚಿನ ಕನ್ನಡಿ ಅದು. ರೋಮನರಿಗೂ ಮೊದಲು ಆ ಸೀಮೆಯಲ್ಲಿ ಬಾಳಿದ ಎಟ್ರುಸ್ಕನ್ನರು ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಮಾಡಿದ್ದು. ಅದರ ಹಿಂಬದಿಯ ಗೀಟುಚಿತ್ರದ ನಟ್ಟನಡುವೆ ರೆಕ್ಕೆಯುಳ್ಳ ದೇವತೆಯೊಬ್ಬಳು ಸುತ್ತಿಗೆ ಎತ್ತಿ ಮೊಳೆ ಹೊಡೆಯಲು ನಿಂತಿದ್ದಾಳೆ. ಪಕ್ಕದಲ್ಲಿ ಅವಳ ಹೆಸರು: ಅಥ್ರ್‌ಪ, ಅಂದರೆ ಗ್ರೀಕರ ಆಟ್ರೊಪೊಸ್, ಮೂವರು ಮೋಯ್ರಾಗಳಲ್ಲಿ ಒಬ್ಬಳು. ಅತ್ತಿತ್ತ ಎರಡು ಜೋಡಿಗಳು, ಒಂದು ಮೆಲಿಯಾಗರ್ ಮತ್ತು ಅಟಲಾಂಟಾ. ಮೇಲೆ ಹಂದಿಯ ತಲೆ. ಇಲ್ಲಿ ವಿಧಿ ನೆಂಟಳೂ ಅಲ್ಲ, ಬರೆದುಕೊಳ್ಳುವವಳೂ ಅಲ್ಲ. ತಾನೇ ಮೊಳೆ ಹೊಡೆಯುತ್ತಾಳೆ, ತಾಯಿಯ ಸುಳಿವೇ ಇಲ್ಲ. ಆದರೆ ಈ ಮೊಳೆ ಗ್ರೀಕರದಲ್ಲ. ವರ್ಷ ಕಳೆದ ಗುರುತಿಗೆ ದೇವತೆಯ ಗುಡಿಯಲ್ಲಿ ಮೊಳೆ ಹೊಡೆಯುವ ಆಚರಣೆ ಎಟ್ರುಸ್ಕನ್ನರಲ್ಲಿತ್ತು ಎಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಹೆಸರು ಗ್ರೀಸಿನಿಂದ ಬಂತು, ನಂಬಿಕೆ ಮಾತ್ರ ಸ್ವಂತದ್ದು. ವಿಧಿ ಕಾಲದಂತೆ ತಾನಾಗಿ ನಡೆಯುತ್ತದೆ ಎಂದು ಬಗೆದವರು ಆ ಕಥೆಯನ್ನು ತೋರಿಸಬೇಕಾದಾಗ ತಾಯಿಯನ್ನೂ ಕೊಳ್ಳಿಯನ್ನೂ ಕೈಬಿಟ್ಟು ಬೇರೆ ಚಿತ್ರವನ್ನೇ ಕಟ್ಟಬೇಕಾಯಿತು. ಇದು ನನ್ನ ವಾದಕ್ಕೆ ಅಡ್ಡಿಯಾಗುವುದಕ್ಕಿಂತ ಆಸರೆಯಾಗುತ್ತದೆ.

ಶವಪೆಟ್ಟಿಗೆಗಳ ಪ್ರಭಾವ ಅಲ್ಲಿಗೇ ನಿಲ್ಲಲಿಲ್ಲ. 1435ರಲ್ಲಿ ಚಿತ್ರಕಲೆಯ ಬಗ್ಗೆ ಗ್ರಂಥ ಬರೆದ ಆಲ್ಬರ್ಟಿ, ರೋಮಿನಲ್ಲಿದ್ದ ಒಂದು ಮೆಲಿಯಾಗರನ ಕೆತ್ತನೆಯನ್ನು ಹೊಗಳುತ್ತ, ಸತ್ತವನ ಒಂದೊಂದು ಅಂಗದಲ್ಲೂ ಸಾವು ಕಾಣಬೇಕು ಎಂಬುದಕ್ಕೆ ಅದನ್ನೇ ಮಾದರಿ ಮಾಡಿದ. ಜೋತು ಬಿದ್ದ ಕೈ, ವಾಲಿದ ತಲೆ, ಹೊತ್ತವರ ಬಿಗಿದ ಮೈ. ರಫೇಲ್ 1507ರಲ್ಲಿ ಬರೆದ, ಈಗ ರೋಮಿನ ಬೋರ್ಗೇಸ್ ಗ್ಯಾಲರಿಯಲ್ಲಿರುವ, ಕ್ರಿಸ್ತನ ದೇಹವನ್ನು ಸಮಾಧಿಗೆ ಒಯ್ಯುವ ಚಿತ್ರ ಇಂಥ ಕೆತ್ತನೆಯಿಂದಲೇ ಮೈ ಪಡೆದದ್ದು. ಆ ಚಿತ್ರ ಬರೆಸಿದವಳು ಪೆರೂಜಾದ ಒಬ್ಬ ತಾಯಿ. ಅವಳ ಮಗ ಗ್ರಿಫೊನೆಟ್ಟೊ 1500ರಲ್ಲಿ, ಮನೆತನದ ಮದುವೆಯ ಸಂಭ್ರಮದ ಬೆನ್ನಿಗೇ, ಕೆಲವರೊಡನೆ ಸೇರಿ ತನ್ನ ದಾಯಾದಿಗಳನ್ನು ರಾತ್ರೋರಾತ್ರಿ ಕೊಲ್ಲಿಸಿದ. ತಾಯಿ ಅವನನ್ನು ಶಪಿಸಿ ಮನೆಯ ಬಾಗಿಲು ಮುಚ್ಚಿದಳು. ಉಳಿದ ನೆಂಟರು ತಿರುಗಿ ಬಂದು ಅವನನ್ನು ಇರಿದಾಗ ಓಡಿ ಬಂದು, ಕೊಂದವರನ್ನು ಕ್ಷಮಿಸು ಎಂದು ಸಾಯುತ್ತಿದ್ದ ಮಗನಿಗೆ ಹೇಳಿದಳು ಎಂದು ಆ ಊರಿನ ವೃತ್ತಾಂತಕಾರ ಬರೆದಿಟ್ಟಿದ್ದಾನೆ. ಅವಳ ಹೆಸರು ಅಟಲಾಂಟಾ ಬಾಗ್ಲಿಯೋನಿ. ಹೆಸರಿನ ಹೊಂದಾಣಿಕೆ ಬರೀ ಕಾಕತಾಳೀಯ ಇರಬಹುದು; ನೆಂಟರನ್ನು ಕೊಂದ ಮಗನಿಗೆ ಶಾಪ ಹಾಕಿದ ತಾಯಿ ಹೋಮರನ ಆಲ್ಥಿಯಾಳಿಗೆ ಎಷ್ಟು ಹತ್ತಿರದವಳು ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ಮೂವರು ಮುದುಕಿಯರು ನೂಲು ತೆಗೆದು, ಅಳೆದು, ಕತ್ತರಿಸುವ ಚಿತ್ರ ನಮಗೆ ಹೆಚ್ಚು ಪರಿಚಯ. ಅದನ್ನು ಮನೆಮಾತು ಮಾಡಿದ್ದು ಬಹುಪಾಲು ನಂತರದ ಯುರೋಪು. ಪಾರ್ಥೆನಾನ್ ದೇಗುಲದ ಪೂರ್ವ ಮುಖದಿಂದ ಬ್ರಿಟಿಷ್ ಮ್ಯೂಸಿಯಂ ಸೇರಿದ, ತಲೆಯಿಲ್ಲದ ಮೂವರು ಹೆಂಗಸರ ಶಿಲ್ಪವನ್ನು ಬಹುಕಾಲ ‘ಮೂವರು ವಿಧಿದೇವತೆಯರು’ ಎಂದೇ ಕರೆದರು. ಈಗ ವಿದ್ವಾಂಸರು ಅವರಲ್ಲಿ ಅಫ್ರೊಡೈಟಿಯಂಥ ಬೇರೆ ದೇವತೆಯರನ್ನು ಕಾಣುತ್ತಾರೆ. 1820ರಿಂದ 1823ರ ನಡುವೆ ಗೋಯಾ ತನ್ನ ಮನೆಯ ಗೋಡೆಯ ಮೇಲೆ ಬರೆದ, ಈಗ ಮ್ಯಾಡ್ರಿಡಿನ ಪ್ರಾಡೊದಲ್ಲಿರುವ ‘ಆಟ್ರೊಪೊಸ್’ ಚಿತ್ರದಲ್ಲಿ ವಿಧಿದೇವತೆಯರು ಕತ್ತಲ ಬಯಲಿನ ಮೇಲೆ ತೇಲುತ್ತಾರೆ. ಅವರ ನಡುವೆ ಸಿಕ್ಕಿಕೊಂಡ ಮನುಷ್ಯಾಕೃತಿಯ ಕೈಗಳು ಬೆನ್ನ ಹಿಂದೆ ಕಟ್ಟಿದಂತಿವೆ, ನಮಗೆ ಕಾಣುವುದೇ ಇಲ್ಲ. ಅಸಹಾಯಕ ಮನುಷ್ಯನ ಚಿತ್ರ ಬೇಕಾದವರು ಅಲ್ಲಿಗೆ ಹೋಗಬೇಕು, ಅದನ್ನು ಗ್ರೀಕರ ತಲೆಗೆ ಕಟ್ಟುವುದು ಸರಿಯಲ್ಲ. ಮೆಲಿಯಾಗರನ ಶವಪೆಟ್ಟಿಗೆಗಳ ಒಳ್ಳೆಯ ಛಾಯಾಚಿತ್ರಗಳು ಈಗ ಸಂಗ್ರಹಾಲಯಗಳ ಜಾಲತಾಣಗಳಲ್ಲಿ ಸಿಗುತ್ತವೆ. ಆಸಕ್ತರು ಅವನ್ನು ದೊಡ್ಡದು ಮಾಡಿ, ಮಂಚದ ಮೇಲಿನ ವೀರನನ್ನು ದಾಟಿ, ಬಲಿಪೀಠದ ಬಳಿಯ ಹೆಂಗಸಿನ ಕೈಯನ್ನೂ ಕತ್ತನ್ನೂ ಒಂದೊಂದಾಗಿ ನೋಡಲಿ.